ಪಂಪಕ್ಕನ ಮೊದಲ ಅಂಕಿ

ಸಾಫ್ಟ್‌ವೇರಿನ ಹೊಸ ವರ್ಷನ್ ಯಾವಾಗ ಬಿಡೋಣ ಎಂದು ಕೇಳಿದರೆ ಪಂಪಕ್ಕ ಕಂಪ್ಯೂಟರಿನ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನತ್ತ ಕತ್ತು ತಿರುಗಿಸಿ, "ಅಮಾಸಿ ಯಾವತ್ತೈತಿ ನೋಡಲೇ ವೀರೇಶ" ಎಂದು ನನಗೆ ಹೇಳುತ್ತಿದ್ದರು. ಬಳ್ಳಾರಿಯ ನಮ್ಮ ಸಣ್ಣ ಕಚೇರಿಯಲ್ಲಿ ರೈಸ್ ಮಿಲ್ಲುಗಳ ತೂಕ, ಬಿಲ್ಲು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಪಂಪಕ್ಕ ಅಲ್ಲಿ ಹಿರಿಯ ಇಂಜಿನಿಯರ್, ನಾನು ಅವರ ಕೈಕೆಳಗೆ.

ಮಾಲೀಕರಿಗೆ ಈ ಅಮಾವಾಸ್ಯೆ ಸರಿಬರುತ್ತಿರಲಿಲ್ಲ. "ಅವತ್ತು ಯಾರಾದ್ರೂ ಹೊಸದು ಶುರು ಮಾಡ್ತಾರೇನಮ್ಮಾ?" ಎಂದು ಮುಖ ಸಿಂಡರಿಸುತ್ತಿದ್ದರು.

"ಅವತ್ತು ಹಮಾಲರು ಬರಂಗಿಲ್ಲ ಸರ್. ತೂಕದ ಕಾಟಾಕ್ಕ ಪೂಜಿ ಮಾಡಿ ಮಿಲ್ ಬಂದ್ ಇಟ್ಟಿರ್ತಾರ. ನಮ್ದೇನರ ತಪ್ಪಿದ್ರ ಯಾರ ಲಾರಿನೂ ನಿಲ್ಲಂಗಿಲ್ಲ. ಇದಕ್ಕಿಂತ ಒಳ್ಳೆ ಮುಹೂರ್ತ ನಿಮ್ಮ ಜೋಯಿಸರು ಕೊಡ್ತಾರೇನು?"

ವರ್ಷನ್ನಿಗೆ ಕೊಡುವ ಮೂರು ಅಂಕಿಗಳ ವಿಷಯದಲ್ಲಂತೂ ಇನ್ನೂ ಹಟ. ಸಣ್ಣ ರಿಪೇರಿಯಾದರೆ ಕೊನೆಯ ಅಂಕಿ ಬದಲು, ಹೊಸ ಸೌಲಭ್ಯ ಬಂದರೆ ನಡುವಿನದು. ಕಂಪ್ಯೂಟರಿಗೂ ಕಾಟಾಕ್ಕೂ ಇರುವ ಜೋಡಣೆಯನ್ನೇ ಹೊಸದಾಗಿ ಮಾಡಿಕೊಳ್ಳಬೇಕಾದಷ್ಟು ದೊಡ್ಡ ಬದಲಾವಣೆಯಿದ್ದರೆ ಮಾತ್ರ ಮೊದಲನೆಯದು. ಮೊದಲ ಅಂಕಿ ಬದಲಾದರೆ ಮಿಲ್ಲಿನವರು ನಮಗೆ ಫೋನ್ ಮಾಡದೆ ಅದನ್ನು ಹಾಕಿಕೊಳ್ಳುವ ಗುಂಡಿ ಒತ್ತುತ್ತಿರಲಿಲ್ಲ. ಬೇರೆ ಕಂಪನಿಯವರದು ಆಗಲೇ ಒಂಬತ್ತಾಗಿದೆ, ನಮ್ಮದಿನ್ನೂ ಮೂರರಲ್ಲೇ ಇದೆ ಎಂದು ಮಾಲೀಕರು ಗೋಳಾಡಿದರೆ, "ನಾವೇನು ಎಮ್ಮಿ ಹರಾಜು ಕೂಗಾಕತ್ತೀವೇನ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೋದ ಸುಗ್ಗಿಯಲ್ಲಿ ಅದೇ ಅಂಕಿ ಅವರ ಕೆಲಸಕ್ಕೆ ಕುತ್ತು ತಂದಿತು. ಕಾಟಾದ ಜೋಡಣೆ ಬದಲಿಸುವ ಹೊಸ ವರ್ಷನ್ನನ್ನು ಕೂಡಲೇ ಕೊಡುತ್ತೇನೆಂದು ಮಾಲೀಕರು ಸಿರುಗುಪ್ಪದ ದೊಡ್ಡ ಮಿಲ್ಲೊಂದಕ್ಕೆ ಮಾತು ಕೊಟ್ಟುಬಿಟ್ಟಿದ್ದರು. ನಿಯಮದಂತೆ ಅದು 4.0.0. ದೇಶನೂರು, ರಾರಾವಿಯಂಥ ಸುತ್ತಲ ಹಳ್ಳಿಗಳ ಭತ್ತವೆಲ್ಲ ಮಿಲ್ಲಿನತ್ತ ಹೊರಟ ಹೊತ್ತಿನಲ್ಲಿ ನಾಲ್ಕು ಎಂದರೆ ಯಾರೂ ಮುಟ್ಟುವುದಿಲ್ಲ.

"3.6.2 ಅಂತ ಎಲ್ಲರಿಗೂ ಕಳಿಸಿಬಿಡಿ. ಸಣ್ಣ ರಿಪೇರಿ ಅಂದ್ಕೊಂಡು ಹಾಕ್ಕೊಳ್ತಾರೆ" ಎಂದರು ಮಾಲೀಕರು.

"ಅದು ಸುಳ್ಳು ಸರ್. ನಮ್ಮನ್ನ ನಂಬಿ ಒತ್ತಿದೋರ ಕಾಟಾ ನಿಂತ್ರ ರೈತ್ರು ಟ್ರ್ಯಾಕ್ಟರ್ ಹಚ್ಕೊಂಡು ರಸ್ತಾದಾಗ ಕುಂದರಬೇಕು. ನನ್ನ ಕೈಲಿಂದ ಹೋಗಂಗಿಲ್ಲ."

"ಹಾಗಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

ಪಂಪಕ್ಕ ಅವರೆದುರಿಗೇ ಫೋನ್ ತೆಗೆದು ಸಿರುಗುಪ್ಪದ ಆ ಮಿಲ್ಲಿಗೆ ಹಚ್ಚಿದರು. "ಅಣ್ಣಾ, ಸುಗ್ಗಿ ಮುಗಿಯೋತನಕ ನಮ್ಮ ಕಡಿಂದ ಏನ್ ಬಂದ್ರೂ ಒತ್ತಬ್ಯಾಡ್ರಿ. ಉಳಿದ ಮಿಲ್ಲಿನೋರ್ಗೂ ಹೇಳ್ರಿ." ಆಮೇಲೆ ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ನನಗೆ ಸಿಳ್ಳೆ ಹೊಡೆಯಬೇಕೆನಿಸಿತು.

ಸುಗ್ಗಿ ಮುಗಿದ ಮೇಲೆ ಅದು 4.0.0 ಎಂದೇ ಹೋಯಿತು, ಅದೂ ಅಮಾವಾಸ್ಯೆಯ ದಿನ. ಪಂಪಕ್ಕನ ಮಾತು ಕೇಳಿ ಮಿಲ್ಲಿನವರು ಅಲ್ಲಿತನಕ ಏನನ್ನೂ ಒತ್ತದಿದ್ದರಿಂದ ಮಾಲೀಕರಿಗೆ ಬೇರೆ ದಾರಿಯಿರಲಿಲ್ಲ. ಪಂಪಕ್ಕನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಅವರ ಊರು ಕುರುಗೋಡಿಗೆ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕರು.

"ಸರ್ ವಾಪಸ್ ಕರೀತಾರ್ರಿ ಅಕ್ಕಾ."

"ತಪ್ಪಾತು ಅಂದ್ರೇನು?"

"ಇಲ್ರಿ. ಕೆಲಸ ಭಾಳ ಐತಿ ಅಂದ್ರು."

"ಕೆಲಸಕ್ಕ ನೀ ಅದೀಯಲ್ಲ. ಅವರ ಎದುರಿಗಿ ಒಲ್ಲೆ ಅನ್ನಾಕ ಯಾರದಾರ ಅಲ್ಲಿ?"

ಅವರು ನನ್ನ ಬೆನ್ನಿಗೊಂದು ಗುದ್ದಿ, ನಗುತ್ತಾ ಸಿರುಗುಪ್ಪದ ಬಸ್ಸು ಹತ್ತಿದರು. ಆಮೇಲೆ ಅವರನ್ನು ನೋಡಿಲ್ಲ. ಅವರಿಲ್ಲದ ಕಚೇರಿ ನನಗೆ ಬೇಸರ.

ಅವತ್ತು ಕಚೇರಿಗೆ ಮರಳಿದಾಗ ಮಾಲೀಕರು, "ಬರ್ತಾಳಂತಾ? ನಾಳೆ ಇನ್ನೊಮ್ಮೆ ಹೋಗಿ ಕೇಳು" ಎಂದರು.

"ಒಲ್ಲೆ ಸರ್," ಎಂದೆ. "ತಪ್ಪು ನಿಮ್ದೈತಿ. ನೀವೇ ಹೋಗಿ ಕರೀರಿ."