ಮಾಯವಾದ ಗೆರೆ

ಎರಡನೆಯ ಪಟ್ಟಿಗೆ ಪ್ರತಿಕಾಯ ಹಾಕಿದ್ದೆನೋ ಇಲ್ಲವೋ, ನೆನಪನ್ನು ನಂಬಿ ಹೇಳಲಾರೆ. ಶಿಡ್ಲಘಟ್ಟದ ಚಿಕ್ಕಮ್ಮ ಸಾಕಿದ ರೇಷ್ಮೆಹುಳುಗಳಲ್ಲಿ, ಜೀವಕೋಶದೊಳಗೆ ಸಂದೇಶ ದಾಟಿಸುವ ಕಿಣ್ವವೊಂದನ್ನು ಪತ್ತೆಹಚ್ಚಿದ್ದೇನೆ ಎಂಬುದು ನನ್ನ ಪಿಎಚ್‌ಡಿಯ ವಾದ. ಆ ಕಿಣ್ವವನ್ನು ಹುಡುಕಿ ಅಂಟಲೆಂದೇ ತಯಾರಿಸಿದ ಪ್ರತಿಕಾಯ (ಆ್ಯಂಟಿಬಾಡಿ) ಅಂಟಿದ ಕಡೆ ಎಕ್ಸ್‌ರೇ ಫಿಲ್ಮಿನಲ್ಲಿ ಮೂಡಿದ ಕಪ್ಪು ಗೆರೆಯೇ ಸಾಕ್ಷಿ. ಪ್ರತಿಕಾಯ ಬೇರೇನಕ್ಕೋ ಅಂಟಿರಬಹುದೆಂದು ಗೈಡ್ ನಂಬಲಿಲ್ಲ. ಆ ಕಿಣ್ವದ ತುಣುಕನ್ನೇ ಹೋಲುವ ಕೃತಕ ಪೆಪ್ಟೈಡ್ ತರಿಸಿದೆ. ಹುಳುವಿನ ಪ್ರೋಟೀನಿದ್ದ ಎರಡು ಪಟ್ಟಿಗಳಲ್ಲಿ ಒಂದಕ್ಕೆ ಬರೀ ಪ್ರತಿಕಾಯ, ಇನ್ನೊಂದಕ್ಕೆ ಪೆಪ್ಟೈಡ್ ಬೆರೆಸಿದ ಪ್ರತಿಕಾಯ. ಗೆರೆ ಆ ಕಿಣ್ವದ್ದೇ ಆಗಿದ್ದರೆ, ಪ್ರತಿಕಾಯ ಪೆಪ್ಟೈಡಿಗೇ ಅಂಟಿಕೊಂಡು ಎರಡನೆಯದರಲ್ಲಿ ಅದು ಮಾಯವಾಗಬೇಕು; ಬೇರೆ ಕಡೆ ತಪ್ಪಾಗಿ ಅಂಟಿದ ಗೆರೆ ಮಾತ್ರ ಉಳಿಯಬೇಕು.

ಮಾಯವಾಯಿತು! ಫಿಲ್ಮ್ ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಚಿಕ್ಕಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದರು.

“ಈ ಕಡೆ ಗೆರೆ ಎಲ್ಲೋ?”

“ಅದೇ ಚಿಕ್ಕಮ್ಮ, ಇಲ್ದೇ ಇರೋದೇ ಗೆದ್ದಿದ್ದು!”

“ನಮ್ ಹುಳ ಎಲ್ಲಾ ಅರೆದು ಏನೂ ಇಲ್ದಂಗೆ ಮಾಡಿದ್ಯಾ? ಭಲೇ ಕಣಪ್ಪ! ಬಾ, ಊಟನಾದ್ರೂ ಐತೆ.”

ಗೈಡ್ ಒಪ್ಪಿದರು, ಪದವಿ ಬಂತು. ಅನುಮಾನ ಮಾತ್ರ ಉಳಿಯಿತು: ಎರಡನೆಯ ಪಟ್ಟಿಗೆ ಪ್ರತಿಕಾಯ ಹಾಕಲು ಮರೆತಿದ್ದರೂ ಗೆರೆ ಮೂಡುತ್ತಿರಲಿಲ್ಲವಲ್ಲ. ಮೊನ್ನೆ ಆ ಫಿಲ್ಮನ್ನು ಹುಡುಕಿ ನೋಡಿದೆ. ಅದೇ ಪ್ರತಿಕಾಯ ಬೇರೊಂದು ಪ್ರೋಟೀನಿಗೆ ತಪ್ಪಾಗಿ ಅಂಟಿ ಮೂಡಿಸುತ್ತಿದ್ದ ಮಸುಕು ಗೆರೆ, ಕೆಳಗೆ, ಎರಡೂ ಪಟ್ಟಿಗಳಲ್ಲಿ ಇದೆ. ಹಾಕಿದ್ದೆ.