ಎದ್ದು ಹೋದವನ ಪಾಳಿ

ಯುದ್ಧದ ಆಟದಲ್ಲಿ ಎದುರಾಳಿ ಏನು ಮಾಡುತ್ತಿದ್ದಾನೆ ಎಂಬುದು ತಿಳಿಯದಿರುವುದು ಸಹಜ. ತಿಳಿಯಬಾರದು ಎಂದೇ ಆಟ ಮಾಡಿದವರು ನಕಾಶೆಯ ಮೇಲೆ ಮಂಜು ಕವಿಸಿರುತ್ತಾರೆ. ಆದರೆ ಎದುರಾಳಿ ಮೂವತ್ತು ವರ್ಷದ ಗೆಳೆಯನಾಗಿದ್ದು, ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಮಾತು ಬಿಟ್ಟು, ಆಟವನ್ನು ಮಾತ್ರ ಆಡುತ್ತಲೇ ಹೋದರೆ ಏನೆಂದು ತಿಳಿಯಬೇಕು? ನಾಲ್ಕು ತಿಂಗಳು ನಾನು ಈ ಒಂದು ಪ್ರಶ್ನೆ ಹಿಡಿದುಕೊಂಡು ಒದ್ದಾಡಿದೆ. ಅವನಿಗೆ ನನ್ನ ಮೇಲೆ ಸಿಟ್ಟೋ, ಇಲ್ಲವೋ? ಸಿಟ್ಟಿದ್ದರೆ ಆಟ ಯಾಕೆ? ಇಲ್ಲದಿದ್ದರೆ ಮಾತು ಯಾಕಿಲ್ಲ?

ನನ್ನದು ಕೊಟ್ಟೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ನಾನು ಬಿಲ್ಲು ಬರೆಯುತ್ತೇನೆ ಎಂದು ಗಿರಾಕಿಗಳು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಒಂದು ಪ್ಲೇಟು ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು ಅದರಲ್ಲಿ ದಂಡು ಸಾಗಿಸುತ್ತೇನೆ. ಐವತ್ತು ದಾಟಿದವನಿಗೆ ಹುಡುಗರ ಆಟ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂದೂಕು ಹಿಡಿದು ಕಂಡಕಂಡವರನ್ನು ಸುಡುವ ಆಟ ಬೇರೆ, ನಮ್ಮದು ಬೇರೆ. ಇದನ್ನು ಹೆಂಡತಿಗೆ ಇಪ್ಪತ್ತು ಸಲ ವಿವರಿಸಿದ್ದೇನೆ. ಅವಳು ಇಪ್ಪತ್ತು ಸಲವೂ ‘ಹೌದೌದು’ ಎಂದಿದ್ದಾಳೆ.

ಒಳ್ಳೆಯ ಯುದ್ಧದ ಆಟ ಯಾವುದು ಎನ್ನುವುದಕ್ಕೆ ನನ್ನದು ಒಂದೇ ಪರೀಕ್ಷೆ. ಅದರಲ್ಲಿ ಸೈನಿಕನಿಗೆ ಹಸಿವಾಗಬೇಕು. ಟ್ಯಾಂಕು ಉರುಳಿದರೆ ಧೂಳೇಳುವ, ನೋಡಲು ಚೆಂದ ಕಾಣುವ ಆಟಗಳು ಬೇಕಾದಷ್ಟಿವೆ. ಎರಡು ದಿನಕ್ಕೆ ಬೇಸರ ತರಿಸುತ್ತವೆ. ಹಡಗು, ವಿಮಾನಗಳದೇ ಒಂದು ಆಟವಿದೆ. ಪರದೆಯ ಮೇಲೆ ಬರೀ ಗೆರೆ, ಬರೀ ವೃತ್ತ. ಮೂರು ತಾಸು ಕೂತರೂ ಒಂದು ಕ್ಷಿಪಣಿ ಹಾರುವುದಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹಳೆಯ ಕಾಲದ ಕಾಳಗದ ಇನ್ನೊಂದರಲ್ಲಿ ನಾವು ಕೊಟ್ಟ ಆಜ್ಞೆಯನ್ನು ಕುದುರೆ ಸವಾರ ಒಯ್ದು ಮುಟ್ಟಿಸಬೇಕು. ಅವನು ಮುಟ್ಟುವಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಸರ್ಕಾರಿ ಆದೇಶಗಳನ್ನು ಕಂಡ ನಮ್ಮಂಥವರಿಗೆ ಅದು ಹೊಸದಲ್ಲ. ಆದರೆ ಎಲ್ಲಕ್ಕಿಂತ ಮೇಲೆ ನಾನು ಇಡುವುದು ನಾವಿಬ್ಬರೂ ಆಡುತ್ತಿದ್ದ ಆಟವನ್ನು. ನಕಾಶೆಯನ್ನೆಲ್ಲ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಾಗಿ ಹೆಚ್ಚಿರುತ್ತಾರೆ. ಒಂದೊಂದು ದಳವೂ ಒಂದೊಂದು ಕಾಯಿ. ಆ ಕಾಯಿಗೆ ಹಿಂದಿನಿಂದ ಅನ್ನ, ಡೀಸೆಲ್ಲು, ಗುಂಡು ಬರುತ್ತಿರಬೇಕು. ದಾರಿ ಕಡಿದರೆ ನಾಲ್ಕು ದಿನದಲ್ಲಿ ಎಂಥ ದಂಡೂ ಸೊರಗುತ್ತದೆ. ಅದರ ಕೈಪಿಡಿ ಓದಿ ಮುಗಿಸಲು ನನಗೆ ಒಂದು ಬೇಸಿಗೆ ಹಿಡಿಯಿತು.

ಇದನ್ನು ದೂರದಿಂದಲೇ ಆಡಬಹುದು. ಒಬ್ಬರು ತಮ್ಮ ಪಾಳಿ ಮುಗಿಸಿ ಕಳಿಸಿದರೆ ಇನ್ನೊಬ್ಬರ ಕಂಪ್ಯೂಟರ್ ಗಂಟೆ ಹೊಡೆದು ‘ನಿಮ್ಮ ಪಾಳಿ’ ಎನ್ನುತ್ತದೆ. ಅವರು ಬಿಡುವಾದಾಗ ತೆರೆದು, ಎದುರಿನವರು ಮಾಡಿದ್ದನ್ನು ನೋಡಿ, ತಮ್ಮದನ್ನು ಆಡುತ್ತಾರೆ. ನನ್ನ ಎದುರಾಳಿ ಹೂವಿನಹಡಗಲಿಯಲ್ಲಿ ಬಸ್ ಕಂಟ್ರೋಲರ್. ಹರಪನಹಳ್ಳಿಯಲ್ಲಿ ಐಟಿಐ ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಆಟದಲ್ಲಿ ನಾನು ನುಗ್ಗುವವನು, ಅವನು ಕಾಯುವವನು. ಹತ್ತರಲ್ಲಿ ಎಂಟು ಸಲ ಅವನೇ ಗೆಲ್ಲುತ್ತಿದ್ದ. ‘ಗಾಡಿ ಓಡೋದು ಡ್ರೈವರ್‌ನಿಂದಲ್ಲಲೇ, ಡೀಸಲ್‌ನಿಂದ’ ಎಂದು ಫೋನಿನಲ್ಲಿ ಚುಚ್ಚುತ್ತಿದ್ದ. ಅವನಿಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಅವಳು ಗಡಿ ಕಾಯುವ ಪಡೆಗೆ ಸೇರಿದಾಗ ಡಿಪೋದ ಎಲ್ಲರಿಗೂ ಪೇಡೆ ಹಂಚಿದ, ನನಗೊಂದು ಡಬ್ಬಿ ಬೇರೆ ಕಳಿಸಿದ.

ಅವನು ಮಾತು ಬಿಡುವ ಮುಂಚಿನ ದಿನಗಳು, ಟೀವಿಯ ತುಂಬ ಗಡಿಯ ಸುದ್ದಿಯೇ. ಅಂಗಡಿಗೆ ಬಂದವರೆಲ್ಲ ಮೋಟಾರು ಕೆಳಗಿಡುವ ಮೊದಲೇ ಸೇನಾಪತಿಗಳಾಗಿಬಿಡುತ್ತಿದ್ದರು. ನನಗೂ ಉಮೇದು ಬಂತು. ಹಳೆಯ ಯುದ್ಧಗಳನ್ನು ಎಷ್ಟು ಸಲ ಆಡುವುದು ಎಂದು ಹದಿನೈದು ದಿನ ಕೂತು ನಮ್ಮ ಗಡಿಯದೇ ಒಂದು ನಕಾಶೆ ಮಾಡಿದೆ. ನಾಲೆ, ಸೇತುವೆ, ಠಾಣೆ, ವಿಮಾನ ನಿಲ್ದಾಣ, ರಸ್ತೆ ಎಲ್ಲ ಇಟ್ಟೆ, ನನ್ನ ಕೆಲಸ ಪೂರ್ತಿ ಕಾಣಲಿ ಎಂದು ಮಂಜು ಮಾತ್ರ ತೆಗೆದುಬಿಟ್ಟೆ. ದೊಡ್ಡ ಮನಸ್ಸು ಮಾಡಿ ನಮ್ಮವರನ್ನು ಅವನಿಗೆ ಕೊಟ್ಟು, ಎದುರಿನವರನ್ನು ನಾನು ಇಟ್ಟುಕೊಂಡೆ. ‘ಈ ಸಲ ನೀನು ಈಚೆ, ನಾನು ಆಚೆ. ಎಷ್ಟು ದಿನ ತಡೀತಿ ನೋಡ್ತೀನಿ’ ಎಂದು ಬರೆದು ಕಳಿಸಿದೆ. ಅಂಥದ್ದನ್ನು ಮಾಡಿದ್ದಕ್ಕೆ ಶಹಬ್ಬಾಸ್ ಎನ್ನುತ್ತಾನೆಂದು ಕಾದೆ.

ಅವನು ಏನೂ ಅನ್ನಲಿಲ್ಲ. ಎರಡು ವಾರ ಸದ್ದಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನ ವಿಚಾರಣೆಯ ಫೋನಿಗೇ ಮಾಡಿದೆ. ಅವನೇ ಎತ್ತಿದ. ನನ್ನ ದನಿಯ ಗುರುತು ಹಿಡಿದೂ, ‘ಕೊಟ್ಟೂರು ಬಸ್ಸು ನಾಕೂವರಿಗೆ ಐತ್ರಿ’ ಎಂದು ಇಟ್ಟುಬಿಟ್ಟ. ಮೂವತ್ತು ವರ್ಷ ‘ಲೇ’ ಎಂದವನು ನನಗೆ ‘ರಿ’ ಹಚ್ಚಿದ! ಬೈದಿದ್ದರೆ ಊಟ ಸೇರುತ್ತಿತ್ತು. ಆ ‘ರಿ’ ಕೇಳಿ ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಅದಾಗಿ ಮೂರನೆಯ ದಿನ ಅಂಗಡಿಯ ಕಂಪ್ಯೂಟರ್ ಗಂಟೆ ಹೊಡೆಯಿತು. ಅವನ ಪಾಳಿ ಬಂದಿತ್ತು. ಸಿಟ್ಟಿಳಿಯಿತು ಎಂದು ಕುಣಿಯುವಷ್ಟು ಖುಷಿಯಾಗಿ ತೆರೆದು ನೋಡಿದೆ. ತಲೆಬುಡ ತಿಳಿಯಲಿಲ್ಲ. ಸೇತುವೆಗಳನ್ನೆಲ್ಲ ಬಿಟ್ಟುಕೊಟ್ಟಿದ್ದ. ಒಂಟಿ ಕಾಯಿ ಒಂದೂ ಇಲ್ಲ. ಎಲ್ಲವನ್ನೂ ಎರಡೆರಡು ಜೋಡಿ ಮಾಡಿ ನಕಾಶೆಯ ಅಂಚಿಗುಂಟ ನಡೆಸಿದ್ದ. ಮುಂದಿನ ಪಾಳಿಯಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಒಂದು ಗುಂಡು ಹಾರಿಸಲಿಲ್ಲ. ನಾನು ಹೊಡೆಯಲು ಹತ್ತಿರ ಹೋದರೆ ಸರಿದುಬಿಡುತ್ತಿದ್ದ. ಒಂದು ತಿಂಗಳಾದ ಮೇಲೆ ಜೋಡಿಗಳು ಒಂದೊಂದಾಗಿ ವಿಮಾನ ನಿಲ್ದಾಣದ ಮನೆಗಳಿಗೆ ಹೋಗಿ ಕೂತವು. ವಿಮಾನ ಓಡುವ ಎರಡು ಹಾದಿ ಒಂದನ್ನೊಂದು ಕತ್ತರಿಸುವ ಹಾಗೆ ಆ ಮನೆಗಳಲ್ಲಿ ಒಂದು ಗುರುತಿರುತ್ತದೆ. ಅಲ್ಲಿ ಕೂತವು ಏಳಲೇ ಇಲ್ಲ.

ಇದು ಎಂಥ ಯುದ್ಧತಂತ್ರ? ವಿಮಾನ ತರಿಸುತ್ತಾನೋ? ನನ್ನನ್ನು ಒಳಗೆ ಕರೆದು ಹಿಂದಿನ ದಾರಿ ಕಡಿಯುತ್ತಾನೋ? ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದಿದೆ. ಆಟಗಾರರು ಸೇರುವ ಅಂತರ್ಜಾಲದ ಕಟ್ಟೆಯಲ್ಲಿ ಚಿತ್ರ ಹಾಕಿ ಕೇಳಿದೆ. ಒಬ್ಬ ಇದು ಮಹಾ ಜಾಣನ ಆಟ ಎಂದ, ಇನ್ನೊಬ್ಬ ಮಗು ಕೀಲಿಮಣೆ ಒತ್ತಿರಬೇಕು ಎಂದ. ಎರಡೂ ನನಗೆ ನಿಜ ಎನಿಸಿತು. ಒಂದು ಕಡೆ ತಂತಿ ಸುತ್ತುತ್ತ ಲೆಕ್ಕ ತಪ್ಪಿ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಅವನು ಸಿಟ್ಟಾಗಲು ನಾನು ಮಾಡಿದ್ದಾದರೂ ಏನು? ಅವನ ಮನೆಯ ಶುಭಕಾರ್ಯಕ್ಕೆ ಹೋಗದಿದ್ದದ್ದು ನೆನಪಾಯಿತು. ಅವನ ಹೊಸ ಕನ್ನಡಕಕ್ಕೆ ನಕ್ಕದ್ದು ನೆನಪಾಯಿತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಂಡೆ. ನಕಾಶೆ ಮಾತ್ರ ನೆನಪಿಗೆ ಬರಲಿಲ್ಲ, ಯಾಕೆಂದರೆ ಅದು ನಾನು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿತ್ತು.

ನಾಲ್ಕನೆಯ ತಿಂಗಳಿಗೆ ತಾಳ್ಮೆ ಕೆಟ್ಟಿತು. ನನ್ನನ್ನು ಅಣಕಿಸುತ್ತಿದ್ದಾನೆ ಎಂದು ಖಾತ್ರಿ ಮಾಡಿಕೊಂಡೆ. ಒಂದು ಬೆಳಿಗ್ಗೆ ಅಂಗಡಿ ತೆರೆದವನೇ, ನನ್ನ ಬಳಿ ಇದ್ದ ಫಿರಂಗಿಗಳನ್ನೆಲ್ಲ ಒಂದೇ ವಿಮಾನ ನಿಲ್ದಾಣಕ್ಕೆ ತಿರುಗಿಸಿ, ಅಲ್ಲಿ ಕೂತಿದ್ದ ಜೋಡಿಯನ್ನು ಹುಡಿ ಮಾಡಿದೆ. ಪಾಳಿ ಕಳಿಸಿದೆ. ಆಮೇಲೂ ಸಮಾಧಾನವಾಗಲಿಲ್ಲ. ಎದುರಿಗೇ ಕೇಳಿಬಿಡೋಣ ಎಂದು ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಾಗಲೂ ಮೊದಲು ಬೈಯಬೇಕೋ, ಮೊದಲು ಕ್ಷಮೆ ಕೇಳಬೇಕೋ ತೀರ್ಮಾನವಾಗಿರಲಿಲ್ಲ.

ಹಡಗಲಿಯ ಅವನ ಮನೆಯ ಬಾಗಿಲು ತೆರೆದೇ ಇತ್ತು. ಅವನ ಹೆಂಡತಿ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ನಾನು ಅವರನ್ನು ತಂಗಿ ಎನ್ನುತ್ತೇನೆ.

‘ಬರ್ರಿ ಅಣ್ಣಾರ, ಕುಂದರ್ರಿ. ಅವ್ರು ಡ್ಯೂಟಿಗಿ ಹೋಗ್ಯಾರ, ಬರೋ ಹೊತ್ತಾತು’ ಎಂದರು. ನೀರು ತಂದು ಕೊಟ್ಟರು. ಆಮೇಲೆ ನನಗಿಂತ ಮೊದಲು ಅವರೇ ಕೇಳಿದರು: ‘ನನ್ನ ಆಟ ನಿಮಗ ಬೇಸರ ಆತೇನ್ರಿ?’

ನನಗೆ ಅರ್ಥವಾಗಲಿಲ್ಲ. ‘ಯಾರ ಆಟ?’ ಎಂದೆ.

‘ನಂದು. ಅವ್ರು ಅದನ್ನ ಮುಟ್ಟಿ ನಾಕು ತಿಂಗಳಾತು. ಗಂಟಿ ಹೊಡಕೊಂಡು ಹೊಡಕೊಂಡು ನಿಮ್ಮ ಪಾಳಿ, ನಿಮ್ಮ ಪಾಳಿ ಅಂತಿತ್ತು. ಎದ್ದು ಹೋದವರ ಪಾಳಿ ಮನ್ಯಾಗಿನವರು ಆಡಬೇಕಲ್ರಿ, ಇಲ್ಲಾಂದ್ರ ಆಟ ಕೆಡತೈತಿ. ಹೆಂಗ ಒತ್ತಬೇಕು ಅಂತ ಮಗಳು ಫೋನಿನ್ಯಾಗ ಹೇಳಿಕೊಟ್ಲು. ಕಟ್ಟಿಮನಿ ನಾ ಸಣ್ಣಾಕಿದ್ದಾಗಿಂದ ಆಡೀನಿ.’

ಕಟ್ಟೆಮನೆ! ಊರೂರಲ್ಲಿ ಹೆಂಗಸರು ನೆಲದ ಮೇಲೆ ಗೆರೆ ಕೊರೆದು ಹುಣಸೆ ಬೀಜ ಉರುಳಿಸಿ ಆಡುವ ಚೌಕಾಬಾರ. ಅದರಲ್ಲಿ ಎರಡು ಕಾಯಿ ಜೋಡಿಯಾದರೆ ಗಟ್ಟಿ, ಒಂಟಿ ಕಾಯಿ ಬಂದು ಹೊಡೆಯುವಂತಿಲ್ಲ. ಕತ್ತರಿ ಗುರುತಿನ ಮನೆ ಕಟ್ಟೆ, ಅಲ್ಲಿ ಕೂತವರನ್ನು ಯಾರೂ ಮುಟ್ಟುವಂತಿಲ್ಲ. ನಾನು ನಾಲ್ಕು ತಿಂಗಳು ಕೈಪಿಡಿಯಲ್ಲಿ ಹುಡುಕಿದ ತಂತ್ರ ಇದು. ನಗು ಬಂತು, ಮರುಕ್ಷಣವೇ ನಗಲಾಗಲಿಲ್ಲ.

‘ಅಂವ ಯಾಕ ಬಿಟ್ಟ ತಂಗಿ?’ ಎಂದೆ.

‘ನೀವು ಕಳಿಸಿದ್ದು ನೋಡಿದ್ರಲ್ಲ, ಅವತ್ತ ಬಿಟ್ರು. ಆಗ ಮಗಳ ಫೋನ್ ಬಂದು ಆರು ದಿನಾ ಆಗಿತ್ತು. ಎಲ್ಲಿ ಅದಾಳ, ಹೆಂಗ ಅದಾಳ ಒಂದೂ ಗೊತ್ತಿರಲಿಲ್ಲ. ನಿಮಗ ತಿಳಿದಿಲ್ಲ ಬಿಡ್ರಿ, ನಾ ಅವರಿಗೆ ಹೇಳೀನಿ. ಈಗ ಆರಾಮ ಅದಾಳ.’

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಪೇಡೆ ತಿಂದವನು ನಾನು. ಅವಳು ಯಾವ ಪಡೆಯಲ್ಲಿದ್ದಾಳೆ, ಯಾವ ಗಡಿಗೆ ಹೋಗಿದ್ದಾಳೆ ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿದ್ದ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಬುದ್ಧಿ ಬರಲಿಲ್ಲ. ‘ಎಷ್ಟು ದಿನ ತಡೀತಿ’ ಎಂದು ಬೇರೆ ಬರೆದಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

‘ಗೆಲ್ಲೋದು ಹೆಂಗೋ ನನಗ ಗೊತ್ತಾಗಲಿಲ್ರಿ’ ಎಂದು ಅವರು ಮುಂದುವರಿಸಿದರು. ‘ಕಾಯಿ ಮ್ಯಾಲೆ ಟೊಪಿಗಿ ಹಾಕ್ಕೊಂಡ ಮಂದಿ ಚಿತ್ರ ಐತಲ್ರಿ. ಒಂದೂ ಸಾಯಬಾರದು ಅಂತ ಆಡಿದೆ. ಇಲ್ಲೀತನಕ ಒಂದೂ ಹೋಗಿಲ್ಲ. ಮಗಳು ಫೋನ್ ಮಾಡಿದಾಗೊಮ್ಮೆ ಅದನ್ನ ಕೇಳತಾಳ.’

ಆಗಲೇ ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಪರದೆಯ ಮೇಲೆ ಗಂಟೆ ಹೊಡೆದ ಗುರುತು ಮಿನುಗುತ್ತಿರುವುದು ಕಂಡಿತು. ಬೆಳಿಗ್ಗೆ ನಾನು ಕಳಿಸಿದ ಪಾಳಿ. ‘ತಡೀರಿ, ಹೆಂಗೂ ಬಂದೀರಲ್ಲ, ನಿಮ್ಮ ಮುಂದ ಆಡತೀನಿ’ ಎಂದು ಅವರು ಹೂವಿನ ಬುಟ್ಟಿ ಸರಿಸಿ ಎದ್ದರು.

‘ಬ್ಯಾಡ ತಂಗಿ, ಅದು ಕೆಟ್ಟೈತಿ. ನಾ ಬ್ಯಾರೆ ಕಳಸ್ತೀನಿ’ ಎಂದೆ. ಏನು ಹೇಳುತ್ತಿದ್ದೇನೆ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಒತ್ತಿಯಾಗಿತ್ತು. ಫಿರಂಗಿಗಳು ಒಂದರ ಹಿಂದೆ ಒಂದು ಸದ್ದು ಮಾಡಿದವು. ಆ ಸದ್ದು ಬರಲಿ ಎಂದು ನಾನು ಅಂಗಡಿಯಲ್ಲಿ ಸ್ಪೀಕರ್ ದೊಡ್ಡದು ಮಾಡಿಕೊಳ್ಳುತ್ತಿದ್ದೆ. ಇಲ್ಲಿ ಕಿವಿ ಮುಚ್ಚಿಕೊಳ್ಳಬೇಕು ಎನಿಸಿತು. ಹೊಗೆ ಸರಿದಾಗ ವಿಮಾನ ನಿಲ್ದಾಣದ ಮನೆ ಖಾಲಿ ಇತ್ತು.

ಅವರು ಪರದೆಯ ಹತ್ತಿರ ಬಗ್ಗಿದರು. ‘ಇಲ್ಲಿ ಎರಡು ಇದ್ವಲ್ರಿ. ಕಟ್ಟಿ ಮ್ಯಾಲಿದ್ದವನ್ನ ಹೊಡೀಬಹುದೇನು?’

‘ಇದರಾಗ ಹೊಡೀಬಹುದು’ ಎಂದೆ.

‘ಹೌದೇನು? ಇರಲಿ ಬಿಡ್ರಿ’ ಎಂದು ಅವರು ಸಮಾಧಾನ ಮಾಡಿಕೊಂಡರು. ‘ಸತ್ತ ಕಾಯಿ ಮನಿಗೆ ಬರತಾವಲ್ಲ, ಅಲ್ಲಿಂದ ಮತ್ತ ನಡಸ್ತೀನಿ. ಯಾವ ಮನಿಗೆ ಬರತಾವ, ತೋರಸ್ರಿ.’

ಹೌದು, ಚೌಕಾಬಾರದಲ್ಲಿ ಸತ್ತ ಕಾಯಿ ತನ್ನ ಮನೆಗೆ ವಾಪಸು ಬರುತ್ತದೆ. ಗರ ಬಿದ್ದರೆ ಮತ್ತೆ ಹೊರಡುತ್ತದೆ. ಅವರ ಬೆರಳು ಪರದೆಯ ಮೇಲೆ ಮನೆ ಹುಡುಕುತ್ತಿತ್ತು. ‘ಬರತಾವ ತಂಗಿ, ಮುಂದಿನ ಪಾಳಿಗೆ ಬರತಾವ’ ಎಂದುಬಿಟ್ಟೆ.

‘ಸುಳ್ಳು ಹೇಳಬ್ಯಾಡ ಆಕಿಗೆ.’

ಗೆಳೆಯ ಬಾಗಿಲಲ್ಲಿ ನಿಂತಿದ್ದ. ಖಾಕಿ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ನಾನು ಎದ್ದು ನಿಂತೆ. ಅವನು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ.

‘ಬರಂಗಿಲ್ಲ ತಂಗಿ’ ಎಂದೆ. ‘ಹೋದವು ಹೋದವು. ಮುಂಜಾನೆ ನಾನೇ ಹೊಡದೆ.’

ಅವರು ಪರದೆಯ ಮೇಲಿಂದ ಬೆರಳು ತೆಗೆದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, ‘ನಾ ಅಲ್ಲಿ ಕಳಿಸಿದ್ದಕ್ಕ ಹೋದ್ವೇನು?’ ಎಂದು ಕೇಳಿದರು.

‘ಅಲ್ಲ’ ಎಂದು ನಾವಿಬ್ಬರೂ ಒಂದೇ ಸಲ ಅಂದೆವು.