ಹೊದಿಕೆ ಇಸಿದುಕೊಂಡ ರೀಲು

ಆ ರೀಲು ಶಿರಾದ ನಮ್ಮ ಕಾಲೇಜಿನಲ್ಲಿ ಎಲ್ಲರ ಫೋನಿನಲ್ಲೂ ಓಡುತ್ತಿದ್ದ ವಾರ ನನಗೆ ಊಟ ಸೇರಲಿಲ್ಲ. ಯಾವುದೋ ಹೊದಿಕೆ ಕಂಪನಿಯದು. ನೀವು ಒಂದು ಕೊಂಡರೆ ಕುರಿ ಕಾಯುವವರ ಮನೆಗೆ ಇನ್ನೊಂದು ಉಚಿತ ಎಂದು ಅದರ ಮಾತು. ರೀಲಿನಲ್ಲಿದ್ದ ಮನೆ ನಮ್ಮ ಚಿಕ್ಕಪ್ಪನದು. ನನಗಿಂತ ಚಿಕ್ಕವಳಾದ ಅವರ ಮಗಳು ಕುರಿಮರಿ ಎತ್ತಿಕೊಂಡು, ಗುಲಾಬಿ ಬಣ್ಣದ ಹೊದಿಕೆ ಇಸಿದುಕೊಂಡು ನಕ್ಕಿದ್ದಳು. ಅದಕ್ಕೆ ಲಕ್ಷಗಟ್ಟಲೆ ಲೈಕು.

ನಾನು ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋದರೂ ರೀಲು ಮಾಡುತ್ತಿದ್ದೆ, ಮಧುಗಿರಿ ಬೆಟ್ಟ ಹತ್ತಿ ಏದುಸಿರು ಬಿಡುತ್ತಲೂ ಮಾಡಿದ್ದೆ. ನೋಡುತ್ತಿದ್ದವರು ನೆಂಟರು ಮಾತ್ರ. ಫೋನು ನೆಟ್ಟಗೆ ಹಿಡಿಯಲು ಬಾರದವಳನ್ನು ಊರೂರೇ ನೋಡಿತೆಂದು ನನ್ನ ಹೊಟ್ಟೆ ಉರಿಯಿತು.

ತರಗತಿಯಲ್ಲಿ ಅದೇ ವಾದ. ಇದೆಲ್ಲ ವ್ಯಾಪಾರದ ಓಳು ಎಂದರು ಹುಡುಗರು. ನಾನೂ ಜೋರಾಗಿ ಹೌದೆಂದೆ. ಪಕ್ಕದಲ್ಲಿ ಕೂರುವ ಗೆಳತಿ ಮಾತ್ರ, ಓಳಾದರೂ ಯಾರಿಗೋ ಬೆಚ್ಚಗಾಗುತ್ತದಲ್ಲ ಎಂದು ಒಂದು ಹೊದಿಕೆ ತರಿಸಿ, ಸ್ಟೇಟಸ್ಸಿಗೂ ಹಾಕಿಕೊಂಡಳು.

ಕಂಪನಿಯವರು ಇನ್ನೊಂದು ರೀಲಿಗೆ ನಮ್ಮೂರಿಗೆ, ಮತ್ತೆ ಚಿಕ್ಕಪ್ಪನ ಮನೆಗೇ ಬಂದ ದಿನ ಕಾಲೇಜಿಗೆ ಚಕ್ಕರ್ ಹೊಡೆದೆ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಅವರ ಮುಂದೆ ಸುಳಿದಾಡಿದೆ. ಕ್ಯಾಮೆರಾದವನು ಮೇಲಿಂದ ಕೆಳಕ್ಕೆ ನೋಡಿ, “ನೀವು ಕೊಡೋರ ಥರ ಕಾಣ್ತೀರ” ಎಂದ.

ಒಳಗೆ ಹೋಗಿ ಚಿಕ್ಕಮ್ಮನ ಮಾಸಿದ ಸೀರೆ ಉಟ್ಟೆ. ಪೌಡರು ಒರೆಸಿ, ಕೂದಲು ಕೆದರಿಕೊಂಡು, ತಂಗಿಯ ಕೈಯಿಂದ ಮರಿ ಕಿತ್ತುಕೊಂಡೆ. ಅದು ನನ್ನ ತೋಳಿನಲ್ಲಿ ಒದ್ದಾಡಿತು. ಹೊದಿಕೆ ಇಸಿದುಕೊಂಡು, ಅವಳು ನಕ್ಕಂತೆಯೇ ನಕ್ಕೆ.

ರೀಲು ಹೊರಬಿದ್ದಾಗ ಲೈಕು ಅವಳಿಗಿಂತ ಹೆಚ್ಚೇ ಬಂತು. ಮಾರನೆಯ ದಿನ ಬೀಗುತ್ತಾ ಕಾಲೇಜಿಗೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಗೆಳತಿ ತನ್ನ ಡಬ್ಬಿಯ ಚಪಾತಿಯನ್ನು ನನ್ನ ಡಬ್ಬಿಗೆ ಹಾಕಿದಳು. ಬೇರೆಯವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, “ಮೊದ್ಲೇ ಹೇಳ್ಬಾರ್ದಿತ್ತೇನೇ? ನಂದೂ ನಿಂಗೇ ಕೊಟ್ಬುಡ್ತಿದ್ದೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ರೀಲಿನದು ನಾಟಕ ಎಂದು ಹೇಳದೆಯೇ ಚಪಾತಿ ತಿಂದೆ. ನನ್ನ ಮನೆಯಲ್ಲಿ ಊಟಕ್ಕೆ ಎಂದೂ ಕಡಿಮೆಯಿರಲಿಲ್ಲ.

ಸಂಜೆ ಬಸ್ಸಿಳಿದವಳೇ ಚಿಕ್ಕಪ್ಪನ ಮನೆಗೆ ಹೋದೆ. ಗುಲಾಬಿ ಹೊದಿಕೆ ಮರಿಗಳ ಕೆಳಗೆ ಹಾಸಿತ್ತು. ತಂಗಿ ತನ್ನ ಕರಿ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದಳು.

“ಕಂಬ್ಳಿ ಇರೋವಾಗ ಅದ್ಯಾಕಕ್ಕಾ? ಮಳೆ ತಡೀತದಾ, ಮುಳ್ಳು ತಡೀತದಾ? ನಿಂದೂ ತಂದ್ಬುಡು, ಮರಿಗಳ್ಗಾಯ್ತದೆ.”

ಕುರಿ ಕಾಯುವ ಅವಳಿಗೆ ಪಕ್ಕದ ಬೆಂಚಿನ ಗೆಳತಿಯಿಲ್ಲ, ಯಾರ ಕನಿಕರವೂ ಅವಳ ಡಬ್ಬಿಯವರೆಗೆ ಬಂದು ಅವಳನ್ನು ಕುಗ್ಗಿಸುವುದಿಲ್ಲ. ರೀಲು ಓಡಿದ ವಾರಕ್ಕಿಂತ ಅವತ್ತು ಅವಳನ್ನು ನೋಡಿ ನನ್ನ ಹೊಟ್ಟೆ ಹೆಚ್ಚು ಉರಿಯಿತು.